ಪೋಷಕರ ನಂಬರು

"ಏನ್ಲಾ ಮರಿಸಿದ್ದ, ನಿನ್ ಮಗಳು ಸಾಯ್ತಾಳಂತಲ್ಲಲಾ? ಸಾಯೋದೇ ಆದ್ರೆ ಕಬ್ಬು ಅರ್ದು ಮುಗುದ್ ಮ್ಯಾಕೆ ಸಾಯಕ್ ಯೋಳು. ಈಗ ಆಳಿಲ್ಲ. ನೀನು ತಿಥಿ ಗಿಥಿ ಅಂತ ಕುಂತ್ಕಂಡ್ರೆ ಈ ಒಲೆಗೆ ಉರಿ ಆಕಕ್ಕೆ ನಿಮ್ಮಪ್ಪ ಬತ್ತಾನಾ?"

ಶಿವಣ್ಣ ಇದನ್ನು ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡು ಹೇಳಿದ. ಆಲೆಮನೆಯ ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಅಪ್ಪ ಕೈ ನಿಲ್ಲಿಸಲಿಲ್ಲ. ಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಆ ಹೊತ್ತಿನಲ್ಲಿ ಉರಿ ತಗ್ಗಿದರೆ ಬೆಲ್ಲ ಕೆಡುತ್ತದೆ, ಬೆಲ್ಲ ಕೆಟ್ಟರೆ ಅದಕ್ಕೆ ಬೇರೆ ಬೈಗುಳ ಇದೆ. ಇಪ್ಪತ್ತಾರು ವರ್ಷದಿಂದ ಅಪ್ಪ ಆ ಒಲೆಯ ಮುಂದೆ ಕೂತಿದ್ದಾನೆ. ಮೇಲೆ ನಿಂತು ಪಾಕ ನೋಡುವ ಕೆಲಸಕ್ಕೆ ಅವನನ್ನು ಒಂದು ದಿನವೂ ಯಾರೂ ಕರೆದಿಲ್ಲ.

ಸಾಯುತ್ತಾಳಂತೆ ಎಂದು ಅವನು ಹೇಳಿದ ಮಗಳು ನಾನೇ, ಅರ್ಪಿತ. ಮಂಡ್ಯದ ಕಡೆಯ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಎಂ.ಎ. ಎರಡನೆಯ ವರ್ಷ ಓದುತ್ತಿದ್ದೇನೆ. ಆ ಕೇಂದ್ರದ ಹೆಸರು ಬೇಡ. ಬೆಳಿಗ್ಗೆ ಹಾಸ್ಟೆಲಿನಲ್ಲಿದ್ದಾಗ ಅಪ್ಪ ಫೋನು ಮಾಡಿ, "ಒಂದ್ ಗಳ್ಗೆ ಊರ್ಗೆ ಬಂದೋಗವ್ವ" ಎಂದಷ್ಟೇ ಹೇಳಿದ್ದ. ಅವ್ವನಿಗೆ ಏನೋ ಆಗಿದೆ ಎಂದುಕೊಂಡು ಮದ್ದೂರಿಗೆ ಬಂದು, ಅಲ್ಲಿಂದ ಮಳವಳ್ಳಿ ಬಸ್ಸು ಹತ್ತಿ, ನಮ್ಮೂರ ತಿರುವಿನ ಗೇಟಿನಲ್ಲಿ ಇಳಿದು ಓಡಿಬಂದಿದ್ದೆ. ಅವ್ವ ಚೆನ್ನಾಗಿಯೇ ಇದ್ದಳು. ಆಲೆಮನೆಯ ಅಂಗಳದಲ್ಲಿ ಸಿಪ್ಪೆ ಹರಡುತ್ತಿದ್ದವಳು ನನ್ನನ್ನು ಕಂಡು ತಲೆ ತಗ್ಗಿಸಿದಳು.

"ಬಾವ್ವ, ಬಾ," ಎಂದ ಶಿವಣ್ಣ. "ನಿಮ್ ಮೇಡಮ್ಮು ಎಲ್ಲ ಯೋಳವ್ರೆ. ರಾತ್ರಿ ನಿದ್ದೆ ಬರಕಿಲ್ವಂತೆ. ಅನ್ನ ಗಂಟ್ಲಲ್ಲಿ ಇಳಿಯಕಿಲ್ವಂತೆ. ಪುಸ್ತಕ ತಗುದ್ರೆ ಅಕ್ಸರ ಕಲುಸ್ಕೊಂಡು ಓಯ್ತವಂತೆ. ಬಸ್ಸು ಗೆಜ್ಜಲಗೆರೇಲಿ ನಿಂತ್ರೆ ಉಚ್ಚೆ ಬಂದಂಗಾಯ್ತದಂತೆ. ಇನ್ನೇನೇನ್ ಬರ್ಸಿದ್ದೀಯೆ ನನ್ ಮಗನ್ ಮ್ಯಾಲೆ?"

ಅವು ನನ್ನ ಮಾತುಗಳು. ಮೊನ್ನೆ, ಬಾಗಿಲು ಹಾಕಿದ ಕೋಣೆಯಲ್ಲಿ, ಒಬ್ಬ ಹೆಂಗಸಿನ ಮುಂದೆ ಅತ್ತುಕೊಂಡು ಹೇಳಿದವು. ಉಚ್ಚೆಯ ಮಾತು ಹೇಳುವಾಗ ನಾಚಿಕೆಯಾಗಿ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದೆ. ಅದನ್ನೀಗ ಹತ್ತು ಆಳುಗಳ ಮುಂದೆ ಶಿವಣ್ಣ ಗಟ್ಟಿಯಾಗಿ ಒಪ್ಪಿಸುತ್ತಿದ್ದ. ಗಾಣದ ಹತ್ತಿರ ಬೈಕಿಗೆ ಒರಗಿಕೊಂಡು ಅವನ ಮಗ ನಾಗರಾಜ ಬಿಸಿ ಬೆಲ್ಲ ನೆಕ್ಕುತ್ತ ನಗುತ್ತಿದ್ದ. ಯಾವನಿಂದ ನನ್ನನ್ನು ಕಾಪಾಡಿ ಎಂದು ಬೇಡಿಕೊಂಡಿದ್ದೆನೋ ಅವನ ಮನೆಗೇ ನನ್ನ ಗೋಳು ನನಗಿಂತ ಮೊದಲು ಹೋಗಿ ಮುಟ್ಟಿತ್ತು.

"ನಮ್ಮುಡುಗ ನಿಮ್ ಕೇರಿ ಎಣ್ಣಿನ್ ಇಂದೆ ಸುತ್ತೋವಷ್ಟು ಗತಿಗೆಟ್ಟವ್ನೇನ್ಲಾ, ಬೋಳಿಮಗನೆ?" ಎಂದು ಶಿವಣ್ಣ ಮತ್ತೆ ಅಪ್ಪನ ಕಡೆ ತಿರುಗಿದ.

"ನಮ್ ಮಗ ಸುಳ್ಳಾಡಕಿಲ್ಲ ಬುದ್ದಿ..." ಎಂದಳು ಅವ್ವ, ಇದ್ದಲ್ಲಿಂದಲೇ. ಮನೆಯಲ್ಲಿ ನನ್ನನ್ನು ಮಗ ಎಂದೇ ಕರೆಯುವುದು.

"ನೀ ಮುಚ್ಚೆ ಬಾಯಿ, ಲೌಡಿ. ಲೇ ಮರಿಸಿದ್ದ, ನಾಳಿಕ್ಕೆ ಅಲ್ಲಿಗೋಗಿ ಬರ್ಕೊಡ್ತೀಯ. ನನ್ ಮಗಳ್ಗೆ ತಲೆ ಸರಿಯಿಲ್ಲ, ಅವಳು ಯೋಳಿದ್ದೆಲ್ಲ ಸುಳ್ಳು ಅಂತ. ಇಲ್ದೇ ಓದ್ರೆ ನಿನ್ ಮನೆ ಕಿತ್ತಾಕುಸ್ತೀನಿ. ಆ ಜಾಗ ಯಾರ್ದು ಅಂತ ಗ್ಯಾನ ಇರ್ಲಿ. ಈಗ ಒಡಿ ಅವಳ್ಗೆ. ನನ್ ಕಣ್ ಮುಂದೆ ಒಡಿ."

ಅಪ್ಪ ಎದ್ದು ಬಂದ. ಕೈಗೆ ಮೆತ್ತಿದ ಬೂದಿಯನ್ನು ಚಡ್ಡಿಗೆ ಒರೆಸಿಕೊಂಡು ನನ್ನ ಮುಂದೆ ನಿಂತ. ನಾನು ಕಣ್ಣು ಮುಚ್ಚಿದೆ. ಏಟಿನ ಸದ್ದು ಕೇಳಿಸಿತು, ಆದರೆ ನನಗೆ ಬೀಳಲಿಲ್ಲ. ಕಣ್ಣು ಬಿಟ್ಟರೆ ಅಪ್ಪ ತನ್ನ ಎರಡೂ ಕೆನ್ನೆಗೆ ತಾನೇ ರಪರಪ ಬಾರಿಸಿಕೊಳ್ಳುತ್ತಿದ್ದ. "ತಪ್ಪಾಯ್ತು ಬುದ್ದಿ, ಒಟ್ಟೆಗಾಕ್ಕಳಿ ಬುದ್ದಿ" ಎಂದು ಒಂದೊಂದು ಏಟಿಗೂ ಒಂದೊಂದು ಸಲ ಹೇಳುತ್ತಿದ್ದ. ನಾಗರಾಜ ಬೆಲ್ಲದ ಕೈ ಒರೆಸಿಕೊಂಡು ಮೊಬೈಲು ತೆಗೆದು ವಿಡಿಯೋ ಮಾಡಿದ. ನನ್ನಪ್ಪನನ್ನು ಹಾಗೆ ನೋಡಿದ ಮೇಲೆ ನನಗೆ ಅಳು ಕೂಡ ಬರಲಿಲ್ಲ.

*

ನನ್ನನ್ನು ಆ ಕೋಣೆಗೆ ಕೈಹಿಡಿದು ಕರೆದುಕೊಂಡು ಹೋದವಳು ಶಬ್ರೀನ್. ಮದ್ದೂರಿನ ಮೆಕ್ಯಾನಿಕ್ ನಿಜಾಮುದ್ದೀನರ ಮಗಳು, ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ. ನಾನು ಮೂರು ದಿನ ಊಟಕ್ಕೆ ಇಳಿಯದೇ ಇದ್ದುದನ್ನು ನೋಡಿ, "ನಿನ್ ಕಾಲಿಗ್ ಬೀಳ್ತೀನಿ ಕಣೆ, ಒಂದ್ಸಲ ಅಲ್ಲಿಗ್ ಬಾ" ಎಂದು ಅವಳೇ ಎಬ್ಬಿಸಿದ್ದಳು.

'ಆಪ್ತಸಮಾಲೋಚನಾ ಕೇಂದ್ರ' ಎಂದು ಬಾಗಿಲ ಮೇಲೆ ಬೋರ್ಡಿತ್ತು. ಒಳಗೆ ಹಳೆಯ ಬ್ಯಾನರುಗಳು, ಮುರಿದ ಮೈಕಿನ ಸ್ಟ್ಯಾಂಡು, ಎರಡು ಕುರ್ಚಿ. ಸಮಾಲೋಚಕಿ ಎಂದರೆ ಇನ್ನೊಂದು ವಿಭಾಗದಲ್ಲಿ ಪಾಠ ಮಾಡುವ ಮೇಡಂ, ಈ ಕೆಲಸವನ್ನು ಅವರ ತಲೆಗೆ ಹೆಚ್ಚುವರಿಯಾಗಿ ಕಟ್ಟಿದ್ದರು. ಕೆಟ್ಟವರಲ್ಲ. ಬಾಗಿಲು ಹಾಕಿ, ನೀರು ಕೊಟ್ಟು, "ಕೂತ್ಕೊ ಅರ್ಪಿತ. ಇಲ್ಲಿ ಏನ್ ಹೇಳಿದ್ರೂ ಈ ಗೋಡೆ ಬಿಟ್ಟು ಆಚೆ ಹೋಗಲ್ಲ" ಎಂದರು. ಆ ಮಾತನ್ನು ನಾನು ನಂಬಿದೆ. ನಂಬದೆ ಬೇರೆ ದಾರಿಯೂ ಇರಲಿಲ್ಲ.

ಎಲ್ಲ ಹೇಳಿದೆ. ನಾಗರಾಜ ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಶನಿವಾರ ನಾನು ಊರಿಗೆ ಹೊರಟರೆ, ಸೋಮವಾರ ವಾಪಸು ಬಂದರೆ, ಬಸ್ಸು ಅಲ್ಲಿ ನಿಂತ ಕೂಡಲೇ ಹತ್ತುತ್ತಾನೆ. ಪಕ್ಕದಲ್ಲಿ ಬಂದು ತೊಡೆಗೆ ತೊಡೆ ಒತ್ತಿ ಕೂರುತ್ತಾನೆ. "ನಿಮ್ಮವ್ವ ನಮ್ ಗದ್ದೇಲಿ ಬಗ್ಗಿ ನಾಟಿ ಆಕ್ತಾಳೆ, ನೀನ್ಯಾಕೆ ಇಷ್ಟು ಸೆಟ್ಕತೀಯೆ?" ಎಂದು ಕಿವಿಯ ಹತ್ತಿರ ಹೇಳುತ್ತಾನೆ. ಬಸ್ಸಿನಲ್ಲಿದ್ದವರು ಕಿಟಕಿಯಾಚೆ ನೋಡುತ್ತಾರೆ. ನಾನು ಊರಿಗೆ ಹೋಗುವುದನ್ನು ಬಿಟ್ಟಾಗ ಹಾಸ್ಟೆಲಿನ ಗೇಟಿಗೆ ಬಂದು ಕಾವಲಿನವನಿಗೆ ತಾನು ನನ್ನ ಅಣ್ಣ ಎಂದ. ನನ್ನ ಫೋಟೋಕ್ಕೆ ಹೊಲಸು ಮಾತು ಬರೆದು ಊರ ಹುಡುಗರ ಗುಂಪಿಗೆಲ್ಲ ಕಳಿಸಿದ. ಕೇರಿಯ ಹುಡುಗರ ಮೊಬೈಲಿಗೂ ಅದು ಬಂತು, ಅವರೂ ಸುಮ್ಮನಿದ್ದರು. ಇಷ್ಟನ್ನು ಹೇಳಿ ಕೊನೆಗೆ, ಸತ್ತುಬಿಟ್ಟರೆ ಸಾಕು ಅನ್ನಿಸುತ್ತಿದೆ ಮೇಡಂ, ಎಂದೆ.

ಅಲ್ಲಿಯವರೆಗೆ ನನ್ನ ಕೈ ಹಿಡಿದುಕೊಂಡಿದ್ದ ಮೇಡಂ ಮೆಲ್ಲಗೆ ಕೈ ಬಿಟ್ಟರು. ಡ್ರಾಯರಿನಿಂದ ಒಂದು ಫಾರಂ ತೆಗೆದರು. ವಿದ್ಯಾರ್ಥಿ ಸಾವಿನ ಮಾತಾಡಿದರೆ ಪೋಷಕರಿಗೆ ತಿಳಿಸಬೇಕು ಎಂದು ನಿಯಮವಿದೆಯಂತೆ. ನನಗೆ ಅದನ್ನು ಹೇಳಲಿಲ್ಲ. ನಾನು ಕಣ್ಣೊರೆಸಿಕೊಂಡು, ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು ಎಂದುಕೊಂಡು ಶಬ್ರೀನ್ ಜೊತೆ ಹೋಗಿ ಒಂದು ತಟ್ಟೆ ಅನ್ನ ಉಂಡೆ. ಅದೇ ಹೊತ್ತಿಗೆ ಅವರು ನನ್ನ ದಾಖಲಾತಿ ಫೈಲು ತರಿಸಿ, 'ಪೋಷಕರ ನಂಬರು' ಎಂಬ ಜಾಗದಲ್ಲಿ ಇದ್ದ ನಂಬರಿಗೆ ಫೋನು ಮಾಡಿದರು. ಅದು ಶಿವಣ್ಣನ ನಂಬರು.

ಅದನ್ನು ಕೊಟ್ಟವನು ಅಪ್ಪನೇ. ನಮ್ಮ ಕೇರಿಯಲ್ಲಿ ಈಗ ಫೋನಿಲ್ಲದ ಮನೆಯಿಲ್ಲ, ಆದರೆ ನಂಬರು ನಿಲ್ಲುವುದಿಲ್ಲ. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಬಿಚ್ಚಿಕೊಂಡು ಕೂತವನು ಪುಕ್ಕಟೆ ಸಿಮ್ಮು ಕೊಟ್ಟರೆ ಹಳೆಯದನ್ನು ಬಿಸಾಡಿ ಅದನ್ನು ಹಾಕಿಕೊಳ್ಳುತ್ತೇವೆ. ಮೂರು ವರ್ಷದಲ್ಲಿ ಅಪ್ಪನ ನಂಬರು ನಾಲ್ಕು ಸಲ ಬದಲಾಗಿತ್ತು. ಅದಕ್ಕೆ ಆಸ್ಪತ್ರೆಯ ಚೀಟಿಗಾಗಲಿ, ಸ್ಕೂಲಿಗಾಗಲಿ ಕೇರಿಯವರೆಲ್ಲ ಬರೆಸುವುದು ಶಿವಣ್ಣನ ನಂಬರು. ಅದು ಹದಿನೈದು ವರ್ಷದಿಂದ ಒಂದೇ. ಏನಾದರೂ ಸುದ್ದಿ ಬಂದರೆ ಅವರ ಮನೆಯಿಂದ ಯಾರಾದರೂ ಕೇರಿಯ ಬಾಯಿಗೆ ಬಂದು ಕೂಗುತ್ತಾರೆ. ನಮ್ಮಜ್ಜಿ ಆಸ್ಪತ್ರೆಯಲ್ಲಿ ತೀರಿಕೊಂಡದ್ದೂ ನಮಗೆ ಹಾಗೆಯೇ ಗೊತ್ತಾಗಿದ್ದು.

ಎಂ.ಎ.ಗೆ ಸೇರಿಸಲು ಬಂದ ದಿನ ಗುಮಾಸ್ತ ತಲೆಯೆತ್ತದೆ "ಪೋಷಕರ ನಂಬರ್?" ಎಂದು ಕೇಳಿದ. ಅಪ್ಪ ಕೈಕಟ್ಟಿ ನಿಂತು ಹತ್ತು ಅಂಕೆಯನ್ನೂ ಒಂದೂ ತಪ್ಪದೆ ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದ. ಅವನಿಗೆ ಬಾಯಿಪಾಠ ಬರುತ್ತಿದ್ದ ನಂಬರು ಅದೊಂದೇ. ಆಮೇಲೆ ನನ್ನ ಕಡೆ ತಿರುಗಿ, "ದೊಡ್ಡೋರ್ ನಂಬ್ರು ಇದ್ರೆ ಒಂದ್ ತೂಕ ಕಣವ್ವ" ಎಂದು ನಕ್ಕ. ಆಗಿನ್ನೂ ನಾಗರಾಜ ಶುರು ಮಾಡಿರಲಿಲ್ಲ. ನಾನೂ ನಕ್ಕೆ. ಎಂ.ಎ. ಓದಲು ಬಂದವಳು ನಾನು, ನನಗಾದರೂ ಬುದ್ಧಿ ಇರಬೇಕಿತ್ತು.

*

ಆಲೆಮನೆಯ ಮರುದಿನ ಅಪ್ಪನನ್ನು ಕರೆದುಕೊಂಡೇ ಹೋದೆ. ಸುಳ್ಳು ಎಂದು ಬರೆದುಕೊಡುವುದಕ್ಕಲ್ಲ, ನಿಜವನ್ನೇ ಬರೆದುಕೊಡುವುದಕ್ಕೆ. ಅದನ್ನು ಅಪ್ಪನಿಗೆ ಬಸ್ಸಿನಲ್ಲಿ ಹೇಳಿದೆ. ಅವನು ಬಾತುಕೊಂಡ ಕೆನ್ನೆಯನ್ನು ಟವಲಿನಲ್ಲಿ ಮುಚ್ಚಿಕೊಂಡು ಕೂತಿದ್ದ.

ಮೇಡಂ ನನ್ನನ್ನು ಕಂಡು, "ಮನೆಯವರ ಜೊತೆ ಮಾತಾಡ್ದೆ ಕಣಮ್ಮ. ತುಂಬ ಚೆನ್ನಾಗಿ ಕೇಳಿಸ್ಕೊಂಡ್ರು ನಿಮ್ ತಂದೆ" ಎಂದರು.

"ಇವ್ರು ಮೇಡಂ ನಮ್ ತಂದೆ."

ಮೇಡಂ ಅಪ್ಪನನ್ನು ನೋಡಿದರು. ಫೈಲು ನೋಡಿದರು. "ಮತ್ತೆ ನಾನು ಮರಿಸಿದ್ದಯ್ಯ ಅವರಾ ಅಂತ ಕೇಳಿದ್ದಕ್ಕೆ ಹೂಂ ಯೋಳಿ ಅಂದ್ರಲ್ಲ? ಆ ಹುಡುಗನ ಹೆಸರು ಹೇಳಿ, ಗೊತ್ತಾ ಅಂದೆ. ಗೊತ್ತು ಗೊತ್ತು, ನಾವು ನೋಡ್ಕತೀವಿ ಬುಡಿ ಅಂದ್ರಲ್ಲ?"

ಫೈಲಿನಲ್ಲಿ ಕೆಂಪು ಇಂಕಿನಲ್ಲಿ, 'ಪೋಷಕರು ಸೂಕ್ತವಾಗಿ ಸ್ಪಂದಿಸಿದ್ದಾರೆ' ಎಂದು ಬರೆದಿತ್ತು. ಕೆಳಗೆ ತಾರೀಕು, ಸಹಿ. ಅವರು ಯಾರ ಜೊತೆ ಮಾತಾಡಿದರು ಎಂದು ನಾನು ಹೇಳಿದೆ. ಮೇಡಂ ಮುಖ ಬಿಳಿಚಿತು. "ಅಯ್ಯೋ ನನಗೇನು ಗೊತ್ತು, ಇದ್ದ ನಂಬರಿಗೆ ಮಾಡ್ದೆ" ಎಂದು ಎರಡು ಸಲ ಹೇಳಿ, ನಮ್ಮನ್ನು ನಿರ್ದೇಶಕರ ಕೋಣೆಗೆ ಕರೆದುಕೊಂಡು ಹೋಗಿ ಬಿಟ್ಟು, ತರಗತಿ ಇದೆ ಎಂದು ಹೊರಟುಹೋದರು.

ನಿರ್ದೇಶಕ ಎಲ್ಲ ಕೇಳಿದ ಮೇಲೆ ಅಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಏನಯ್ಯಾ, ನಿನ್ ಮಗಳ ವಿಷಯಕ್ಕೆ ಬೇರೆಯವನ ನಂಬರ್ ಕೊಟ್ಟಿದ್ದೀಯ. ನಾಳೆ ಅಪ್ಪನ ಹೆಸರು ಅಂತ ಕೇಳಿದ್ರೂ ಅವನದ್ದೇ ಬರೆಸ್ತೀಯಾ?"

ಪಕ್ಕದಲ್ಲಿ ನಿಂತಿದ್ದ ಗುಮಾಸ್ತ ಕಿಸಕ್ಕೆಂದ. ಅಪ್ಪ ತಾನೂ ನಕ್ಕ. ದೊಡ್ಡವರು ನಗಿಸಿದರೆ ನಗಬೇಕು ಎಂದು ಯಾವ ಕಾಲಕ್ಕೆ ಕಲಿತಿದ್ದನೋ.

"ಸಾರ್, ಅವನ ಮೇಲೆ ದೂರು ತಗೊಳ್ಳಿ. ಗೇಟಿನ ತನಕ ಬಂದಿದ್ದಾನೆ, ಕಾವಲಿನವರೇ ನೋಡಿದ್ದಾರೆ," ಎಂದೆ.

"ಅವನು ಇಲ್ಲಿನ ವಿದ್ಯಾರ್ಥಿಯಲ್ಲ. ನಮ್ಮ ವ್ಯಾಪ್ತಿಗೆ ಬರಲ್ಲ. ನೀನು ಸಾಯ್ತೀನಿ ಅಂದಿದ್ದೀಯಲ್ಲ, ಅದು ನಮ್ಮ ವ್ಯಾಪ್ತಿ. ಒಂದೈದು ನಿಮಿಷ ಆಚೆ ಇರಮ್ಮ. ಪೋಷಕರ ಹತ್ರ ಮಾತಾಡ್ಬೇಕು."

ಬಾಗಿಲು ಹಾಕಿಕೊಂಡಿತು. ಐದು ನಿಮಿಷ ಕೂಡ ಆಗಲಿಲ್ಲ. ಅಪ್ಪ ಒಂದು ಹಾಳೆ ಹಿಡಿದುಕೊಂಡು ಬಂದ. ಎರಡು ದಿನದಲ್ಲಿ ಮೊದಲ ಸಲ ಅವನ ಮುಖದಲ್ಲಿ ಬೆಳಕಿತ್ತು.

"ಸೈನ್ ಆಕ್ದೆ ಕಣವ್ವ. ಎಬ್ಬೆಟ್ಟು ಒತ್ತಯ್ಯ ಅಂದ್ರು, ನಾನು ಬುಡ್ನಿಲ್ಲ, ಎಸ್ರೇ ಬರ್ದೆ."

ಓದಿದೆ. 'ನನ್ನ ಮಗಳು ಮಾನಸಿಕವಾಗಿ ಅಸ್ವಸ್ಥಳಾಗಿರುವುದರಿಂದ ಸ್ವಇಚ್ಛೆಯಿಂದ ಹಾಸ್ಟೆಲು ಬಿಡಿಸಿ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ವೈದ್ಯರ ಪ್ರಮಾಣಪತ್ರವಿಲ್ಲದೆ ಮತ್ತೆ ಕಳಿಸುವುದಿಲ್ಲ. ಆಕೆಯ ಪ್ರಾಣಕ್ಕೆ ಸಂಸ್ಥೆ ಹೊಣೆಯಲ್ಲ.' ಕೆಳಗೆ ಅಕ್ಷರವೊಂದೊಂದೂ ಬೇರೆಬೇರೆ ಕಡೆಗೆ ವಾಲಿದ 'ಮರಿಸಿದ್ದಯ್ಯ'.

ಅದನ್ನು ಅಪ್ಪನಿಗೆ ಓದಿ ಹೇಳಬಾರದು ಅನ್ನಿಸಿತು. ಆದರೂ ಓದಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಆ ನನ್ ಮಗನ್ ಮ್ಯಾಲೆ ಕೊಡೋ ಅರ್ಜಿ ಅಂದ್ಕಂಡೆ ಕಣವ್ವ" ಎಂದ. ಆಮೇಲೆ ಗೋಡೆ ಹಿಡಿದುಕೊಂಡು ನಿಂತ.

ಶಬ್ರೀನ್ ನನ್ನ ಬಟ್ಟೆ ಪುಸ್ತಕಗಳನ್ನು ಎರಡು ಚೀಲಕ್ಕೆ ತುಂಬಿದಳು. ತುಂಬುತ್ತ ತುಂಬುತ್ತ ಅತ್ತಳು. "ನಮ್ಮನೆಗೆ ಬಾರೆ. ನಮ್ಮಜ್ಜಿ ಏನೂ ಅನ್ನಲ್ಲ, ಖುಷಿ ಪಡ್ತಾಳೆ" ಎಂದಳು. ನಾನು ಆ ಮನೆಯಲ್ಲಿದ್ದೇನೆ ಎಂದು ನಾಗರಾಜನ ಗುಂಪಿಗೆ ಗೊತ್ತಾದರೆ ಅವಳಪ್ಪನ ಅಂಗಡಿಯ ಮುಂದೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಬೇಡವೆಂದು ತಲೆಯಾಡಿಸಿದೆ. ಅವಳು ಮತ್ತೆ ಕರೆಯಲಿಲ್ಲ. ನನ್ನ ಮೊಬೈಲು ತೆಗೆದುಕೊಂಡು ಸರ್ಕಾರದ ಸಹಾಯವಾಣಿಯ ನಂಬರನ್ನು ಹಾಕಿಕೊಟ್ಟು, "ಇವ್ರು ಫೈಲು ನೋಡಲ್ಲ ಕಣೆ. ಮಾಡ್ತೀನಿ ಅಂತ ಮಾತು ಕೊಡು" ಎಂದಳು.

*

ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನದ ಬಿಸಿಲು. "ಮದ್ದೂರ್ ಮದ್ದೂರ್ ಮದ್ದೂರ್" ಎಂದು ಕಂಡಕ್ಟರು ಕೂಗುತ್ತಿದ್ದ. ಅಪ್ಪ ಎರಡೂ ಚೀಲ ಹೊತ್ತುಕೊಂಡು ನನ್ನ ಮುಖ ನೋಡಿದ. ನಾನು ಹತ್ತಲಿಲ್ಲ. ಆ ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಎಲ್ಲ ಬಸ್ಸೂ ಗೆಜ್ಜಲಗೆರೆಯಲ್ಲಿ ನಿಲ್ಲುತ್ತದೆ. ಊರಲ್ಲಿ ಇಳಿದರೆ ಶಿವಣ್ಣನ ಜಾಗದಲ್ಲಿರುವ ನಮ್ಮ ಮನೆ, ಬಾಗಿಲು ತೆಗೆದರೆ ಶಿವಣ್ಣನ ಆಲೆಮನೆ. ಇಷ್ಟು ದೊಡ್ಡ ಲೋಕದಲ್ಲಿ ನನಗೆ ಇನ್ನು ಏನೂ ಉಳಿದಿಲ್ಲ, ಇದ್ದು ಮಾಡುವುದೇನು ಎಂಬುದು ಮತ್ತೆ ಎದೆಯೊಳಗೆ ಬಂದು ಕೂತಿತು. ಭಯವಾಯಿತು. ಆ ಯೋಚನೆಗೆ ಅಲ್ಲ, ಅದು ಬಂದಾಗ ಸಿಕ್ಕಿದ ನೆಮ್ಮದಿಗೆ. ಶಬ್ರೀನ್‌ಗೆ ಕೊಟ್ಟ ಮಾತು ನೆನಪಾಗಿ ಫೋನು ಒತ್ತಿದೆ.

ಅತ್ತ ಕಡೆ ಒಬ್ಬ ಹೆಂಗಸು. ಉತ್ತರದ ಕಡೆಯ ಮಾತು.

"ಹೇಳವ್ವಾ. ಹೆಸರು ಹೇಳೂದು ಬ್ಯಾಡಂದ್ರ ಬ್ಯಾಡ ಬಿಡು. ಊಟ ಮಾಡಿಯೇನು?"

ಊಟದ ಮಾತು ಕೇಳಿದ್ದೇ ನನಗೆ ದುಃಖ ಉಕ್ಕಿ ಬಂತು. ಬಸ್‌ಸ್ಟ್ಯಾಂಡಿನ ಕಂಬಕ್ಕೆ ತಲೆಯಿಟ್ಟು, ಸುತ್ತ ಜನ ನೋಡುತ್ತಿದ್ದರೂ ಬಿಕ್ಕಿ ಬಿಕ್ಕಿ ಅತ್ತೆ. ಆಕೆ ಸಮಾಧಾನ ಮಾಡಿಕೋ ಎನ್ನಲಿಲ್ಲ. "ಅಳು ಅಳು, ನಾ ಇಲ್ಲೇ ಅದೀನಿ, ಫೋನ್ ಇಡಂಗಿಲ್ಲ" ಎಂದರು. ಅಪ್ಪ ಚೀಲಗಳನ್ನು ಕೆಳಗಿಟ್ಟು ಎರಡು ಮಾರು ದೂರದಲ್ಲಿ ನಿಂತುಕೊಂಡ. ಹತ್ತಿರ ಬರಲೂ ಅವನಿಗೆ ಧೈರ್ಯವಿಲ್ಲ.

ಆಕೆ ನೇರವಾಗಿಯೇ ಕೇಳಿದರು. ಈಗ ಸಾಯಬೇಕು ಅನ್ನಿಸುತ್ತಿದೆಯಾ ಎಂದು. ಹೌದು ಎಂದೆ. ಆಕೆಗೆ ಗಾಬರಿಯಾಗಲಿಲ್ಲ, ಫಾರಂ ತೆಗೆಯುವ ಸದ್ದೂ ಕೇಳಿಸಲಿಲ್ಲ. ಒಬ್ಬಳೇ ಇದ್ದೀಯಾ ಎಂದರು. ಅಪ್ಪ ಇದ್ದಾನೆ ಎಂದೆ.

"ಹಂಗಾದ್ರ ಛಲೋ ಆತು. ಈಗ ಒಂದು ಮಾತು ಹೇಳು. ನಿನಗ ಅಂಜಿಕಿ ಇಲ್ಲದಂಗ ಇವತ್ತೊಂದು ದಿನ ಕೂಡಾಕ ಯಾವ ಜಾಗಾ ಐತಿ? ಒಂದು ಜಾಗಾ ಹೇಳು, ಸಾಕು."

ನಾನು ಯೋಚಿಸಿದೆ. ಹಾಸ್ಟೆಲು. ತರಗತಿ. ಬಸ್ಸು. ಊರು. ಮನೆ. ಅಪ್ಪ ಹತ್ತಿರ ಬಂದ.

"ಏನ್ ಕೇಳ್ತಾವ್ರವ್ವ?"

"ಭಯ ಇಲ್ದಿರೋ ಜಾಗ ಒಂದ್ ಹೇಳು ಅಂತಾವ್ರೆ ಅಪ್ಪ."

ಅಪ್ಪನೂ ಯೋಚಿಸಿದ. ಐವತ್ತೆರಡು ವರ್ಷ ಈ ತಾಲೂಕಿನಲ್ಲೇ ಬಾಳಿದವನು, ಮಗಳಿಗೆ ತೋರಿಸಲು ಒಂದು ಮೂಲೆ ಹುಡುಕಿ ಹುಡುಕಿ ಸಿಗದೆ ಚೀಲದ ಮೇಲೆ ಕುಸಿದು ಕೂತ. ಟವಲಿನಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ಅವನು ಅಳುವುದನ್ನು ಅದಕ್ಕೂ ಮೊದಲು ನಾನು ನೋಡಿರಲಿಲ್ಲ, ನಮ್ಮಜ್ಜಿ ಸತ್ತಾಗಲೂ. ಸ್ವಲ್ಪ ಹೊತ್ತಿನ ಮೇಲೆ ಅವನೇ ಎದ್ದು ನನ್ನ ಕೈಯಿಂದ ಫೋನು ಇಸಿದುಕೊಂಡ.

"ಅಲೋ. ನಾನು ಅವಳಪ್ಪ ಕಣಮ್ಮ. ಕೂಲಿ ಮಾಡೋನು. ನನ್ ಮಗಳು ಸುಳ್ಳೇಳಿಲ್ಲ. ಎಲ್ರೂವೆ ಸುಳ್ಳು ಅಂತ ಬರ್ಕೊಡು ಅಂತಾವ್ರೆ. ನಂಬ್ರು ಕೊಟ್ಟೋನು ನಾನು, ಸೈನ್ ಆಕ್ದೋನೂ ನಾನೇ. ತಪ್ಪು ನಂದು. ನನ್ ಮಗಂದಲ್ಲ. ಇಷ್ಟನ್ನ ನೀವು ಎಲ್ಲಾದ್ರೂ ಒಂದ್ಕಡೆ ಬರ್ಕಳಿ."

ಆಕೆ ಏನೇನು ಹೇಳಿದರೋ. ಅಪ್ಪ ಬರೀ ಹೂಂ, ಹೂಂ ಎನ್ನುತ್ತಿದ್ದ. ಜಿಲ್ಲಾಸ್ಪತ್ರೆಯ ಹತ್ತಿರ ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆಂದು ಒಂದು ಕೇಂದ್ರವಿದೆ, ಅಲ್ಲಿ ಇರಲು ಜಾಗ ಕೊಡುತ್ತಾರೆ, ದೂರನ್ನೂ ಬರೆದುಕೊಳ್ಳುತ್ತಾರೆ ಎಂದು ಹೇಳಿದರಂತೆ. ತಾನು ಅಲ್ಲಿಗೂ ಮಾತಾಡುತ್ತೇನೆ, ನೀವು ನಡೆಯುತ್ತ ಹೋಗಿ, ಮುಟ್ಟುವವರೆಗೆ ಫೋನು ಇಡುವುದಿಲ್ಲ ಎಂದರಂತೆ. ಹಾಗೇ ಹೋದೆವು. ಅಪ್ಪ ಒಂದು ಕೈಯಲ್ಲಿ ಫೋನು ಕಿವಿಗೆ ಒತ್ತಿಕೊಂಡು, "ಈಗ ಪೆಟ್ರೋಲ್ ಬಂಕು ದಾಟುದ್ವಿ ಕಣಮ್ಮ. ಈಗ ಔಸ್ದಿ ಅಂಗ್ಡಿ ಬತ್ತಾ ಅದೆ" ಎಂದು ಗುರುತು ಪರಿಚಯವಿಲ್ಲದ ಆಕೆಗೆ ದಾರಿಯುದ್ದಕ್ಕೂ ಹೇಳಿಕೊಂಡು ನಡೆದ.

*

ಎರಡು ಕೋಣೆಯ ಕೇಂದ್ರ. ಅಲ್ಲಿದ್ದಾಕೆ ನನ್ನ ಎದುರಿಗೆ ಕೂರದೆ ಪಕ್ಕದಲ್ಲಿ ಕೂತರು. ಉಪ್ಪಿಟ್ಟು ತರಿಸಿದರು. "ಇವತ್ತು ರಾತ್ರಿ ಇಲ್ಲೇ ಇರು. ನಾಳೆ ಡಾಕ್ಟರ್ ಹತ್ರ ನಾನೇ ಕರ್ಕೊಂಡ್ ಹೋಗ್ತೀನಿ. ದೂರು ಕೊಡ್ತೀಯೋ ಬಿಡ್ತೀಯೋ ನಿನ್ನಿಷ್ಟ, ನಿನ್ ಕೇಳದೆ ಯಾರಿಗೂ ಹೇಳಲ್ಲ" ಎಂದರು. ಅಂಥ ಮಾತನ್ನು ಒಂದು ಸಲ ನಂಬಿ ಕೆಟ್ಟಿದ್ದೆ. ಇನ್ನೊಂದು ಸಲ ನಂಬುವುದು ಎಷ್ಟು ಕಷ್ಟ ಎಂದು ಆಕೆಗೆ ಹೇಗೆ ಹೇಳಲಿ? ದೂರು ಕೊಡುತ್ತೇನೆ ಎಂದೆ.

ಒಬ್ಬ ಮಹಿಳಾ ಪೊಲೀಸು ಬಂದು ಹಾಳೆ ತೆಗೆದರು. ಅಷ್ಟರಲ್ಲಿ ಅಪ್ಪನ ಅಂಗಿಯ ಜೇಬಿನ ಫೋನು ಬಡಿದುಕೊಂಡಿತು. ಪಕ್ಕದ ಮನೆ ಚಿಕ್ಕಬೋರಮ್ಮನ ಫೋನಿನಿಂದ ಅವ್ವ. ಗಟ್ಟಿಯಾಗಿ ಮಾತಾಡುವ ಅವ್ವನ ದನಿ ಕೋಣೆಗೆಲ್ಲ ಕೇಳಿಸಿತು.

"ಮಗ ಓದೋ ಕಡೆ ಆಪೀಸ್ನೋರು ಮತ್ತೆ ಬುದ್ದಿಯೋರ್ ನಂಬ್ರುಗೇ ಫೋನ್ ಮಾಡಿದ್ರಂತೆ, ಉಡುಗಿ ಕಳ್ಸಿದ್ದೀವಿ, ಬಂದ್ಲಾ ಅಂತ. ದೂರು ಕೊಡ್ತೀನಿ ಅಂತ ಗಲಾಟೆ ಮಾಡುದ್ಲು ಅಂತ್ಲೂ ಅಂದ್ರಂತೆ. ನಾಕ್ ಜನ ಬಂದು ಪಾತ್ರೆ ಪಗ್ಡ ಎಲ್ಲ ಬೀದಿಗಾಕವ್ರೆ. ಎಂಚು ಇಳಿಸ್ತಾವ್ರೆ. ನಾನು ಚಿಕ್ಕಬೋರಮ್ಮನ ಜಗ್ಲಿ ಮ್ಯಾಲೆ ಕುಂತಿವ್ನಿ. ನೀವು ಇತ್ಲಾಗೆ ಬರ್ಬ್ಯಾಡಿ. ಮಗ ಎಲ್ಲವ್ಳೆ? ಉಂಡ್ಲಾ?"

"ಉಂಡ್ಲು. ಇಲ್ಲವ್ಳೆ. ಬರುಸ್ತಾ ಅವ್ಳೆ," ಎಂದ ಅಪ್ಪ.

ಅತ್ತ ಕಡೆ ಎಲ್ಲೋ ಹೆಂಚು ಬಿದ್ದು ಒಡೆದ ಸದ್ದು ಕೇಳಿಸಿತು. "ಬರುಸ್ಲಿ," ಎಂದಳು ಅವ್ವ. "ಒಂದೂ ಬುಡ್ದಂಗೆ ಬರುಸ್ಲಿ."

"ಯಾರ ಮೇಲೆ ದೂರು?" ಎಂದು ಪೊಲೀಸಮ್ಮ ಕೇಳಿದರು. ನಾನು ಹೇಳುವ ಮೊದಲೇ ಅಪ್ಪ ಮುಂದೆ ಬಂದ. ನಮ್ಮ ಕೇರಿಯಲ್ಲಿ ಆ ಮನೆಯವರ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ದೊಡ್ಡ ಬುದ್ದಿ, ಚಿಕ್ಕ ಬುದ್ದಿ, ಅಷ್ಟೇ.

"ನಾಗರಾಜ. ಅವ್ರಪ್ಪ ಶಿವಣ್ಣ. ಇಬ್ರುದೂವೆ ಬರ್ಕಳಿ."

"ನಿಮ್ಮ ವಿಳಾಸ?"

"ಬೆಳಗ್ಗೆ ಗಂಟ ಇತ್ತು ಕಣಮ್ಮ. ಈಗಿಲ್ಲ."

ಪೊಲೀಸಮ್ಮ ಪೆನ್ನು ಎತ್ತಿದರು. "ಹಾಗೆ ಬರೆಯೋಕಾಗಲ್ಲ ಯಜಮಾನ್ರೇ. ಏನಾದ್ರೂ ಒಂದು ಹಾಕಬೇಕು."

"ಅಂಗೇ ಆಕಿ," ಎಂದ ಅಪ್ಪ. "ಮನೆ ಇಲ್ಲ ಅಂತ್ಲೇ ಆಕಿ. ಕಿತ್ತೋನ್ ಎಸ್ರು ಮ್ಯಾಲೆ ಬರ್ದಿದ್ದೀರಲ್ಲ."

ಅವನು ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದ. ನಾನು ಅವನ ಕೈಯ ಮೇಲೆ ನನ್ನ ಕೈ ಇಟ್ಟೆ. ಪೊಲೀಸಮ್ಮ ನಮ್ಮಿಬ್ಬರನ್ನೂ ನೋಡಿ, ಗೋಡೆಯ ಗಡಿಯಾರ ನೋಡಿ, ಆ ಜಾಗವನ್ನು ಹಾಗೇ ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದರು.